ಹಾಡುವ ಮಗಳು ಸಂಗೀತಶಾಸ್ತ್ರ ಓದಬೇಕೇ?

ಬದಿಯಡ್ಕದಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗಳದ್ದು ಬಿ.ಎ. ಮುಗಿಯಿತು. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಆಗಿದೆ. ಇನ್ನು ಸಂಗೀತಶಾಸ್ತ್ರದಲ್ಲಿ ಎಂ.ಎ. ಮಾಡ್ತೇನೆ ಅಂತಾಳೆ. ಹಾಡುವುದು ಬಿಟ್ಟು ಹಾಡಿನ ಬಗ್ಗೆ ಓದಿದರೆ ಏನು ಸಿಗ್ತದೆ? ಕೆಲಸ ಉಂಟಾ?"

ಅಕ್ಕಾ, ಕೆಲಸದ ಮಾತು ಮೊದಲು ಮುಗಿಸೋಣ. ಕಾಲೇಜಿನಲ್ಲಿ ಪಾಠ ಹೇಳಬೇಕಾದರೆ ಎಂ.ಎ. ಜೊತೆ ನೆಟ್ (ಅಧ್ಯಾಪಕರಾಗಲು ಅರ್ಹತಾ ಪರೀಕ್ಷೆ) ಪಾಸಾಗುವುದು ಸಾಮಾನ್ಯ ದಾರಿ. ಸಂಗೀತಕ್ಕೂ ನೆಟ್ ಇದೆ. ಅದರಲ್ಲೇ ಜೆ.ಆರ್.ಎಫ್. ಎಂಬ ಸಂಶೋಧನಾ ವೇತನ ಸಿಕ್ಕಿದರೆ ಪಿಎಚ್.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಹುದ್ದೆಗಳು ಮಾತ್ರ ಕಡಿಮೆ. ಸಂಬಳವೇ ಮುಖ್ಯವಾದರೆ ಬಿ.ಎಡ್. ಕಡೆಗೂ ಒಂದು ಕಣ್ಣಿರಲಿ.

ಆದರೆ "ಹಾಡುವುದು ಬಿಟ್ಟು" ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ರಾಗ ಗಂಟಲಿಗೆ ಬಾರದೆ ಶಾಸ್ತ್ರ ಓದಿದರೆ ಸುಮ್ನೆ ಬಾಯಿಪಾಠ ಅಷ್ಟೇ. ವೆಂಕಟಮಖಿಯನ್ನೇ ನೋಡಿ. 17ನೇ ಶತಮಾನದಲ್ಲಿ ತಂಜಾವೂರಿನಲ್ಲಿ ಕೂತು 'ಚತುರ್ದಂಡೀ ಪ್ರಕಾಶಿಕೆ' ಎಂಬ ಸಂಗೀತಶಾಸ್ತ್ರದ ಗ್ರಂಥ ಬರೆದವನು. ಅಪ್ಪ ಗೋವಿಂದ ದೀಕ್ಷಿತ ಅಲ್ಲಿನ ನಾಯಕರ ಮಂತ್ರಿ, ಮೂಲ ಕನ್ನಡದ್ದು. ಮಗ 72 ಮೇಳಗಳ, ಅಂದರೆ ರಾಗಗಳಿಗೆ ಮೂಲವಾದ ಸ್ವರಶ್ರೇಣಿಗಳ, ಲೆಕ್ಕ ಹಾಕಿದ. ಆದರೆ ಅವನ ಕಾಲಕ್ಕೆ ಬಳಕೆಯಲ್ಲಿದ್ದದ್ದು 19 ಮಾತ್ರ! ಯಾರೂ ಹಾಡದ ಮೇಳಗಳಿಗೆ ಅವನು ಜಾಗ ಇಟ್ಟದ್ದು ಯಾಕೆ? ಆಮೇಲೆ ಅವು ಹಾಡಿಗೆ ಬಂದದ್ದು ಹೇಗೆ? ಇಂಥ ಪ್ರಶ್ನೆ ತಲೆಗೆ ಹೊಕ್ಕರೆ ನಿದ್ದೆ ಬಾರದವರಿಗೆ ಈ ಓದು. ಪರೀಕ್ಷೆಗೆ ಮೇಳದ ಹೆಸರು ಉರು ಹೊಡೆಯುವವರಿಗೆ ಅಲ್ಲ.

ನಿಮ್ಮ ಮಗಳಿಗೆ ಪ್ರಶ್ನೆ ಹುಡುಕಲು ದೂರ ಹೋಗಬೇಕಿಲ್ಲ. ನೀವಿರುವುದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಪಕ್ಕದಲ್ಲೇ ಅಲ್ವಾ? ಯಕ್ಷಗಾನದ ಹಾಡುಗಾರರಾದ ಭಾಗವತರು ಹಾಡುವ ಮೋಹನ ರಾಗವೂ ಕಚೇರಿಯ ಮೋಹನವೂ ಒಂದೇಯಾ? ಚೆಂಡೆಯ ಮೇಲೆ ದನಿ ಏರಬೇಕು, ವೇಷಧಾರಿ ಕುಣಿಯಬೇಕು, ಪದ ಜನಕ್ಕೆ ಕೇಳಬೇಕು. ಇಷ್ಟೆಲ್ಲದರ ನಡುವೆ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಹಾಡುವ ಬಗೆ, ಏನಾಗುತ್ತದೆ? ಗೋಪನೀತೆಯಂಥ ರಾಗ ಆಟದಲ್ಲಿ ಉಳಿದದ್ದು ಹೇಗೆ? ಪ್ರಸಂಗದ ಸಾಹಿತ್ಯದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆಯಾಗಿದೆ, ಪಾರ್ತಿಸುಬ್ಬನ ಕೃತಿಗಳ ಬಗ್ಗೆ ವಿದ್ವಾಂಸರು ಜಗಳವನ್ನೂ ಆಡಿದ್ದಾರೆ. ಹಾಡಿಗೆ ಅಷ್ಟು ಕಿವಿ ಕೊಟ್ಟವರು ಕಡಿಮೆ ಅಂತ ನನಗೆ ಅನಿಸುತ್ತದೆ. ವಿಜ್ಞಾನ ಇಷ್ಟವಾದರೆ ಅದಕ್ಕೂ ದಾರಿ ಇದೆ. ಮೃದಂಗದ ಬಲಗಡೆಯ ಕರಣೆ ಎಂಬ ಕಪ್ಪು ಲೇಪ ನಾದವನ್ನು ಹೇಗೆ ಹದಕ್ಕೆ ತರುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ಬರೆದಿದ್ದರು. ಅದೇ ಪ್ರಶ್ನೆಯನ್ನು ಯಕ್ಷಗಾನದ ಮದ್ದಳೆಗೂ ಕೇಳಬಹುದು.

ಎಲ್ಲಿ ಓದುವುದು? ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಭಾಷೆಯ ದೃಷ್ಟಿಯಿಂದ ನಮ್ಮವರಿಗೆ ಸುಲಭ. ಮದ್ರಾಸ್ ವಿಶ್ವವಿದ್ಯಾಲಯದ ಸಂಗೀತ ವಿಭಾಗ 1932ರಷ್ಟು ಹಳೆಯದು, ಸಂಗೀತಶಾಸ್ತ್ರಜ್ಞ ಪಿ. ಸಾಂಬಮೂರ್ತಿ ಪಾಠ ಮಾಡಿದ ಜಾಗ. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯದಲ್ಲೂ ಸಂಗೀತ ವಿಭಾಗ ಇದೆ. ಕಾಲೇಜಿನ ಹೆಸರಿಗಿಂತ ಅಲ್ಲಿ ಯಾರು ಮಾರ್ಗದರ್ಶನ ಮಾಡುತ್ತಾರೆ, ಅವರ ಕೈಯಲ್ಲಿ ಎಂಥ ಪಿಎಚ್.ಡಿ. ಆಗಿದೆ ಎಂದು ವಿಚಾರಿಸಿ. ಹಳೆಯ ಗ್ರಂಥ ಓದಲು ಸಂಸ್ಕೃತ ಬೇಕು. ಅದನ್ನು ಈಗಲೇ ಶುರು ಮಾಡಲಿ.

ಅರ್ಜಿ ಹಾಕುವ ಮೊದಲು ಅವಳಿಗೆ ಒಂದು ಕೆಲಸ ಕೊಡಿ. ಹತ್ತಿರದ ಹಿರಿಯ ಭಾಗವತರ ಬಳಿ ಹೋಗಿ, ಒಪ್ಪಿಗೆ ಕೇಳಿ, ಆಟದ ಒಂದೇ ಪದವನ್ನು (ಹಾಡನ್ನು) ಫೋನಿನಲ್ಲಿ ರೆಕಾರ್ಡ್ ಮಾಡಲಿ. ಅದಕ್ಕೆ ಸ್ವರ ಹಾಕಿ ಬರೆಯಲಿ. ಶ್ರುತಿ, ತಾಳ, ತಾರೀಕು, ಊರು ಎಲ್ಲ ಗುರುತು ಹಾಕಿಕೊಳ್ಳಲಿ. ಅರ್ಧಕ್ಕೇ ಬೇಸರ ಬಂದರೆ ಹಾಡಿನ ಎಂ.ಎ.ಗೇ ಸೇರಲಿ. ಇನ್ನೊಂದು ಪದ ಬೇಕು ಎಂದು ಅವಳೇ ಮತ್ತೆ ಹೊರಟರೆ, ಅಕ್ಕಾ, ನೀವು ತಡೆಯಬೇಡಿ.