ಬ್ಯಾಂಡ್ 5 ಲಂಡನ್ನೋ, ಬ್ಯಾಂಡ್ 6 ಯಾರ್ಕ್‌ಶೈರೋ?

ತಮ್ಮಾ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಬಿಎಸ್ಸಿ ಇಮೇಜಿಂಗ್ ಮುಗಿಸಿ ಐದು ವರ್ಷ ಸಿಟಿ ಸ್ಕ್ಯಾನ್‌ನಲ್ಲಿ ಕೆಲಸ ಮಾಡಿದ್ದೀಯ. ಇಂಗ್ಲೆಂಡಿನಲ್ಲಿ ರೇಡಿಯೋಗ್ರಾಫರ್ (ಎಕ್ಸ್‌ರೇ, ಸ್ಕ್ಯಾನ್ ತೆಗೆಯುವವರು) ಆಗಿ ಕೆಲಸ ಮಾಡಲು ಬೇಕಾದ ಎಚ್‌ಸಿಪಿಸಿ ರಿಜಿಸ್ಟ್ರೇಷನ್ ಆಗಿದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ಎರಡು ಆಫರ್ ಬಂದಿವೆ. ಒಂದು ಲಂಡನ್ ನಡುಭಾಗದ ದೊಡ್ಡ ಆಸ್ಪತ್ರೆ, ಬ್ಯಾಂಡ್ 5. ಇನ್ನೊಂದು ಯಾರ್ಕ್‌ಶೈರಿನ ಸಣ್ಣ ಊರಿನ ಆಸ್ಪತ್ರೆ, ಬ್ಯಾಂಡ್ 6. "ಎಲ್ಲಿ ಸಂಬಳ ಜಾಸ್ತಿ ಅಕ್ಕಾ? ಯಾವುದನ್ನ ಒಪ್ಪಿಕೊಳ್ಳಲಿ?" ಅಂತ ಕೇಳಿದ್ದೀಯ.

ನಾನು ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷ ಆಯ್ತು. ಮೊದಲ ನಾಲ್ಕು ವರ್ಷ ಲಂಡನ್, ಆಮೇಲಿಂದ ಯಾರ್ಕ್‌ಶೈರಿನಲ್ಲೇ, ಲೀಡ್ಸ್ ಹತ್ತಿರ. ಹಾಗಾಗಿ ಎರಡೂ ಕಡೆಯ ಪೇ ಸ್ಲಿಪ್ ನೋಡಿದ್ದೇನೆ. ಮೊದಲು ಲೆಕ್ಕ ಹೇಳುತ್ತೇನೆ, ಆಮೇಲೆ ಲೆಕ್ಕದಲ್ಲಿ ಕಾಣದ್ದನ್ನು.

ಎನ್‌ಎಚ್‌ಎಸ್‌ನಲ್ಲಿ ಸಂಬಳ ಚೌಕಾಸಿಯಿಂದ ಬರುವುದಲ್ಲ. 2004ರಲ್ಲಿ 'ಅಜೆಂಡಾ ಫಾರ್ ಚೇಂಜ್' ಅಂತ ಒಂದು ವ್ಯವಸ್ಥೆ ತಂದರು. ಡಾಕ್ಟರುಗಳನ್ನೂ ಮೇಲಿನ ಮ್ಯಾನೇಜರುಗಳನ್ನೂ ಬಿಟ್ಟು ಹೆಚ್ಚುಕಡಿಮೆ ಎಲ್ಲರೂ ಅದರ ಕೆಳಗೇ ಬರುತ್ತಾರೆ. ಪ್ರತಿ ಕೆಲಸಕ್ಕೂ ಒಂದು ಬ್ಯಾಂಡ್, ಬ್ಯಾಂಡಿನ ಒಳಗೆ ಮೆಟ್ಟಿಲುಗಳು. 2025-26ರ ಇಂಗ್ಲೆಂಡಿನ ಪಟ್ಟಿ ಇಟ್ಟುಕೊಂಡು ಲೆಕ್ಕ ಹೇಳುತ್ತೇನೆ: ಬ್ಯಾಂಡ್ 5 ವರ್ಷಕ್ಕೆ 31,049 ಪೌಂಡ್‌ನಿಂದ ಶುರುವಾಗಿ 37,796ಕ್ಕೆ ನಿಲ್ಲುತ್ತದೆ. ಬ್ಯಾಂಡ್ 6 ಅಂದರೆ 38,682ರಿಂದ 46,580. ಬ್ಯಾಂಡ್ 7 ಅಂದರೆ 47,810ರಿಂದ 54,710. ಹೊಸದಾಗಿ ಓದು ಮುಗಿಸಿದ ರೇಡಿಯೋಗ್ರಾಫರ್ 5ರಲ್ಲಿ ಸೇರುತ್ತಾರೆ. ಸಿಟಿ, ಎಂಆರ್‌ಐ ಅಂತ ಒಂದು ಕಡೆ ನೆಲೆ ನಿಂತವರು 6ರಲ್ಲಿರುತ್ತಾರೆ. 5ರ ಕೊನೆಯ ಮೆಟ್ಟಿಲಿಗೆ ನಾಲ್ಕು ವರ್ಷ ಬೇಕು, 6ರ ಕೊನೆಗೆ ಐದು.

ಈಗ ನಿನ್ನ ಲಂಡನ್. ಒಳ ಲಂಡನ್‌ನಲ್ಲಿ ಮೂಲ ಸಂಬಳದ ಮೇಲೆ ಶೇ. 20 ಭತ್ಯೆ ಕೊಡುತ್ತಾರೆ. ಹೊರ ಲಂಡನ್ ಆದರೆ ಶೇ. 15, ಅಂಚಿನ ಊರುಗಳಲ್ಲಿ ಶೇ. 5. ಅಂದರೆ ನಿನ್ನ 31,049 ಹೋಗಿ ಸುಮಾರು 37,260 ಆಗುತ್ತದೆ. ಯಾರ್ಕ್‌ಶೈರಿನಲ್ಲಿ ಭತ್ಯೆ ಇಲ್ಲ, 38,682 ಅಷ್ಟೇ. ಇನ್‌ಕಮ್ ಟ್ಯಾಕ್ಸ್, ನ್ಯಾಷನಲ್ ಇನ್ಶೂರೆನ್ಸ್, ಪೆನ್ಷನ್ ಮೂರೂ ಕಳೆದರೆ ಲಂಡನ್‌ನಲ್ಲಿ ತಿಂಗಳಿಗೆ ಕೈಗೆ ಸಿಗೋದು ಸುಮಾರು 2,280 ಪೌಂಡ್, ಯಾರ್ಕ್‌ಶೈರಿನಲ್ಲಿ 2,360. ವ್ಯತ್ಯಾಸ ಬರೀ 80 ಪೌಂಡ್ ಆಸುಪಾಸು. ಆದರೆ ಇದು ಬಾಡಿಗೆ ಕೊಡುವ ಮೊದಲಿನ ಮಾತು. ಲಂಡನ್‌ನಲ್ಲಿ ನಾಲ್ಕು ಜನ ಹಂಚಿಕೊಂಡ ಮನೆಯಲ್ಲಿ ನನ್ನದು ಒಂದು ರೂಮು. ಅದಕ್ಕೆ ಕೊಡುತ್ತಿದ್ದ ದುಡ್ಡಿಗೆ ಇಲ್ಲಿಗೆ ಬಂದಾಗ ಇಡೀ ಫ್ಲ್ಯಾಟ್ ಸಿಕ್ಕಿತು. ಲಂಡನ್ ಭತ್ಯೆ ನನ್ನ ಕೈಯಲ್ಲಿ ಒಂದು ತಿಂಗಳೂ ಉಳಿದಿದ್ದು ನೆನಪಿಲ್ಲ.

ಪೆನ್ಷನ್‌ಗೆ ಅಷ್ಟೊಂದು ಯಾಕೆ ಹಿಡೀತಾರೆ ಅಂತ ಮೊದಲ ಪೇ ಸ್ಲಿಪ್ ನೋಡಿದವರೆಲ್ಲ ಕೇಳುತ್ತಾರೆ. ನಿನ್ನ ಸಂಬಳಕ್ಕೆ ಶೇ. 9.8 ಹೋಗುತ್ತದೆ. ನನಗೂ ಹೊಟ್ಟೆ ಉರಿದಿತ್ತು. ಆದರೆ ಆಸ್ಪತ್ರೆಯ ಕಡೆಯಿಂದ ಅದರ ಮೇಲೆ ಶೇ. 23.7 ಸೇರುತ್ತದೆ. ಪ್ರತಿ ವರ್ಷದ ಸಂಬಳದ 54ರಲ್ಲಿ ಒಂದು ಭಾಗ ನಿನ್ನ ಮುಂದಿನ ವಾರ್ಷಿಕ ಪೆನ್ಷನ್ನಿಗೆ ಜಮೆ ಆಗುತ್ತದೆ. ಕೈಗೆ ಇನ್ನೊಂದಿಷ್ಟು ಬರಲಿ ಅಂತ ಪೆನ್ಷನ್ನಿನಿಂದ ಹೊರಗೆ ಬರುವ ಹುಡುಗರನ್ನು ನೋಡಿದ್ದೇನೆ. ದಯವಿಟ್ಟು ನೀನು ಹಾಗೆ ಮಾಡಬೇಡ. ಖಾಸಗಿ ಸ್ಕ್ಯಾನಿಂಗ್ ಕಂಪನಿಗಳು ಮೂಲ ಸಂಬಳ ಹೆಚ್ಚು ತೋರಿಸಿ ಕರೆಯುವಾಗಲೂ ಇದನ್ನೇ ನೋಡಬೇಕು. ಕಾನೂನು ಪ್ರಕಾರ ಅವರು ಪೆನ್ಷನ್ನಿಗೆ ಹಾಕಲೇಬೇಕಾದ ಕನಿಷ್ಠ ಪಾಲು ಶೇ. 3 ಮಾತ್ರ. ಕೆಲವರು ಜಾಸ್ತಿ ಹಾಕುತ್ತಾರೆ, ಕೇಳಿ ತಿಳಿದುಕೋ. ಕಾಯಿಲೆ ರಜೆಯ ಸಂಬಳವನ್ನೂ ಕೇಳು. ಎನ್‌ಎಚ್‌ಎಸ್‌ನಲ್ಲಿ ಐದು ವರ್ಷ ಆದಮೇಲೆ ಆರು ತಿಂಗಳು ಪೂರ್ತಿ, ಇನ್ನಾರು ತಿಂಗಳು ಅರ್ಧ ಸಂಬಳ ಸಿಗುತ್ತದೆ. ನನ್ನ ಜೊತೆಗಿದ್ದವಳೊಬ್ಬಳಿಗೆ ಬೆನ್ನು ಆಪರೇಷನ್ ಆದಾಗ ಮನೆ ನಡೆದಿದ್ದು ಅದರಿಂದಲೇ.

ಇನ್ನು ರೋಟಾ, ಅಂದರೆ ಪಾಳಿಯ ಪಟ್ಟಿ. ಇದನ್ನು ಸಾಮಾನ್ಯವಾಗಿ ಆಫರ್ ಪತ್ರದಲ್ಲಿ ಬರೆದಿರುವುದಿಲ್ಲ, ಆದರೆ ಒಂದೇ ಆಸ್ಪತ್ರೆಯಲ್ಲಿ ಒಂದೇ ಬ್ಯಾಂಡು, ಒಂದೇ ಮೆಟ್ಟಿಲಿನ ಇಬ್ಬರ ಸಂಬಳ ಬೇರೆ ಆಗುವುದು ಇದರಿಂದಲೇ. ವಾರಕ್ಕೆ 37.5 ಗಂಟೆ ಕೆಲಸ. ಶನಿವಾರಕ್ಕೂ, ವಾರದ ದಿನಗಳಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 6ರವರೆಗಿನ ಗಂಟೆಗಳಿಗೂ ಶೇ. 30 ಹೆಚ್ಚು. ಭಾನುವಾರ ಮತ್ತು ಸರ್ಕಾರಿ ರಜಾದಿನಕ್ಕೆ ಶೇ. 60 ಹೆಚ್ಚು. ಬ್ಯಾಂಡ್ 6ರ ಮೊದಲ ಮೆಟ್ಟಿಲಲ್ಲಿ ಗಂಟೆಗೆ ಸುಮಾರು 19.80 ಪೌಂಡ್ ಬೀಳುತ್ತದೆ. ಒಂದು ಭಾನುವಾರ ಹನ್ನೊಂದೂವರೆ ಗಂಟೆಯ ಲಾಂಗ್ ಡೇ ಮಾಡಿದರೆ ಮಾಮೂಲಿ ಸಂಬಳದ ಮೇಲೆ ಸುಮಾರು 136 ಪೌಂಡ್. ತಿಂಗಳಿಗೆ ಎರಡು ಭಾನುವಾರ, ನಾಲ್ಕು ನೈಟ್ ಬಂದರೆ ಲೆಕ್ಕವೇ ಬದಲಾಗುತ್ತದೆ. ಸಣ್ಣ ಆಸ್ಪತ್ರೆಯಲ್ಲಿ ಜನ ಕಡಿಮೆ ಇರುವುದರಿಂದ ನೈಟ್ ಬೇಗ ಬೇಗ ನಿನ್ನ ಪಾಳಿಗೆ ಬರಬಹುದು. ಅದು ಲಾಭವೋ ಭಾರವೋ ನಿನ್ನ ಮೈಗೆ ಗೊತ್ತು. ನನಗೆ ಮೂವತ್ತಾರರ ನಂತರ ನೈಟ್ ಆಗಿಬರಲಿಲ್ಲ. ಮೂರು ದಿನ ತಲೆ ಭಾರ, ಮಗುವಿನ ಮೇಲೆ ರೇಗಾಟ. ದುಡ್ಡು ಬಿಟ್ಟು ಹಗಲು ಶಿಫ್ಟಿಗೆ ಬಂದೆ.

ಲೋಕಮ್ ಏಜೆನ್ಸಿಯವರು, ಅಂದರೆ ಆಸ್ಪತ್ರೆಗಳಿಗೆ ತಾತ್ಕಾಲಿಕ ಕೆಲಸದವರನ್ನು ಒದಗಿಸುವವರು, ಗಂಟೆಗೆ ಇಷ್ಟು ಕೊಡ್ತೀವಿ ಅಂತ ನಿನ್ನ ಫೋನಿಗೂ ಮೆಸೇಜ್ ಹಾಕುತ್ತಾರೆ, ನೋಡ್ತಿರು. ಆ ಗಂಟೆಯ ದರದೊಳಗೇ ರಜೆಯ ದುಡ್ಡು, ಮಧ್ಯವರ್ತಿ ಕಂಪನಿಯ ಖರ್ಚು ಎಲ್ಲ ಸೇರಿರುತ್ತದೆ. ಸ್ಪಾನ್ಸರ್ ವೀಸಾದಲ್ಲಿ ಇರುವಷ್ಟು ದಿನ ಮುಖ್ಯ ಕೆಲಸ ಬಿಟ್ಟು ಅಲ್ಲಿಗೆ ಹೋಗುವ ಹಾಗೂ ಇಲ್ಲ. ಸದ್ಯಕ್ಕೆ ಮರೆತುಬಿಡು. ನಿನ್ನದೇ ಆಸ್ಪತ್ರೆಯಲ್ಲಿ ಬ್ಯಾಂಕ್ ಶಿಫ್ಟ್ ಅಂತ ಹೆಚ್ಚುವರಿ ಪಾಳಿಗಳು ಇರುತ್ತವೆ, ಹೆಚ್ಚಿಗೆ ದುಡಿಯಬೇಕು ಅನ್ನಿಸಿದರೆ ಮೊದಲು ಅಲ್ಲಿ ವಿಚಾರಿಸು.

ಇಷ್ಟು ಲೆಕ್ಕ. ಈಗ ನಾನು ನಿಜವಾಗಿ ಹೇಳಬೇಕಾದ್ದು.

ನಿನ್ನ ಬರಹದಲ್ಲಿ ಮೆಷಿನ್ನಿನ ಹೆಸರುಗಳೇ ತುಂಬಿದ್ದವು. ಎಷ್ಟು ಸ್ಲೈಸ್, ಯಾವ ಕಂಪನಿ, ದಿನಕ್ಕೆ ಎಷ್ಟು ಸ್ಕ್ಯಾನ್. ನಾನೂ ಹಾಗೇ ಬಂದವಳು. ಇಲ್ಲಿ ಸಂಬಳ ಏರುವುದು ಮೆಷಿನ್ ಓಡಿಸುವ ಕೈಗೆ ಅಲ್ಲ. ನಿರ್ಧಾರ ತೆಗೆದುಕೊಂಡು ಅದರ ಕೆಳಗೆ ತನ್ನ ಹೆಸರು ಹಾಕುವವರಿಗೆ. ಇಲ್ಲಿ ನಿನ್ನನ್ನು ಟೆಕ್ನಿಷಿಯನ್ ಅಂತ ಯಾರೂ ಕರೆಯಲ್ಲ. ರೇಡಿಯೋಗ್ರಾಫರ್ ಅನ್ನುವುದು ಕಾನೂನಿನ ರಕ್ಷಣೆ ಇರುವ ಹೆಸರು, ರಿಜಿಸ್ಟ್ರೇಷನ್ ಇಲ್ಲದವರು ಅದನ್ನು ಬಳಸುವ ಹಾಗಿಲ್ಲ. ಆ ಹೆಸರಿನ ಜೊತೆ ಹೊಣೆಯೂ ಬರುತ್ತದೆ. ಡಾಕ್ಟರ್ ಬರೆದುಕೊಟ್ಟರು ಅಂತ ಸುಮ್ನೆ ವಿಕಿರಣ ಹಾಯಿಸುವಂತಿಲ್ಲ. ವೈದ್ಯಕೀಯ ವಿಕಿರಣದ ಬಗ್ಗೆ ಇರುವ 2017ರ ಐಆರ್‌ಎಂಇಆರ್ ನಿಯಮಗಳ ಪ್ರಕಾರ ಪ್ರತಿ ಎಕ್ಸ್‌ರೇಗೂ ಕಾರಣ ಬೇಕು. ಬಹಳಷ್ಟು ಪರೀಕ್ಷೆಗಳಲ್ಲಿ, ರೇಡಿಯಾಲಜಿಸ್ಟ್ ಬರೆದಿಟ್ಟ ಮಾರ್ಗಸೂಚಿ ನೋಡಿ "ಹೌದು, ಇದು ಬೇಕು" ಅಂತ ಒಪ್ಪುವುದು ನೀನೇ.

ನಾನು ಬಂದು ಎರಡನೇ ತಿಂಗಳು. ಸಂಜೆ ಎಮರ್ಜೆನ್ಸಿಯಿಂದ ಒಬ್ಬ ಮುದುಕಪ್ಪ ಬಂದರು, ಮಣಿಕಟ್ಟಿನ ಎಕ್ಸ್‌ರೇಗೆ. ಫಾರಂನಲ್ಲಿ ಎಡಗೈ ಅಂತ ಇದೆ. ಅವರು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದಾರೆ. ಬಲ ಮಣಿಕಟ್ಟು ಊದಿ ನೀಲಿಗಟ್ಟಿದೆ. ಹೊರಗೆ ಇನ್ನೂ ಐದು ಜನ ಕಾಯುತ್ತಿದ್ದಾರೆ. ಹಳೇ ಅಭ್ಯಾಸದಲ್ಲಿ ಎರಡೂ ಕೈ ತೆಗೆದುಬಿಡೋಣ, ಯಾರೂ ಏನೂ ಅನ್ನಲ್ಲ ಅಂತ ಅನ್ನಿಸಿತು. ಪಕ್ಕದಲ್ಲಿದ್ದ ಸೀನಿಯರ್ ನನ್ನ ಕೈ ತಡೆದು ಫೋನ್ ತೋರಿಸಿದಳು. ಫಾರಂ ಬರೆದ ಡಾಕ್ಟರಿಗೆ ಫೋನ್ ಮಾಡಿದೆ. ನನ್ನ ಇಂಗ್ಲಿಷು ತೊದಲುತ್ತಿತ್ತು. ಅವರು ಕ್ಷಮೆ ಕೇಳಿ ಫಾರಂ ತಿದ್ದಿ ಕಳಿಸಿದರು. ಬಲಗೈ ಮಾತ್ರ ತೆಗೆದೆ. ಮೂಳೆ ಮುರಿದಿತ್ತು. ಒಟ್ಟು ನಾಲ್ಕು ನಿಮಿಷ ತಡ ಆಯ್ತು.

ಎರಡು ವರ್ಷ ಆದಮೇಲೆ ಬ್ಯಾಂಡ್ 6 ಇಂಟರ್‌ವ್ಯೂಗೆ ಕೂತೆ. ರಾತ್ರಿಯೆಲ್ಲ ಸಿಟಿ ಪ್ರೋಟೋಕಾಲ್ ಓದಿಕೊಂಡು ಹೋಗಿದ್ದೆ. ಮೊದಲ ಪ್ರಶ್ನೆಯೇ, "ನೀವು ಒಂದು ರಿಕ್ವೆಸ್ಟ್ ಒಪ್ಪದೆ ತಡೆದ ಸಂದರ್ಭ ಹೇಳಿ". ಆ ಮುದುಕಪ್ಪನ ಮಣಿಕಟ್ಟಿನ ಕತೆಯನ್ನೇ ಹೇಳಿದೆ. ಕೆಲಸ ಸಿಕ್ಕಿತು.

ಬ್ಯಾಂಡ್ 7ಕ್ಕೆ ಹೋಗುವ ದಾರಿಗಳನ್ನು ನೋಡಿದರೂ ಇದೇ ಕಾಣುತ್ತದೆ. ರಿಪೋರ್ಟಿಂಗ್ ರೇಡಿಯೋಗ್ರಾಫರ್ ಅಂದರೆ ಎಕ್ಸ್‌ರೇ ತೆಗೆಯುವುದಲ್ಲದೆ ಓದಿ ರಿಪೋರ್ಟ್ ಬರೆಯುವವರು. ಅದಕ್ಕೆ ಯೂನಿವರ್ಸಿಟಿಯಲ್ಲಿ ಪೋಸ್ಟ್‌ಗ್ರಾಜುಯೇಟ್ ಕೋರ್ಸ್ ಇದೆ, ಎಷ್ಟೋ ಆಸ್ಪತ್ರೆಗಳು ಫೀಸು ತಾವೇ ಕಟ್ಟುತ್ತವೆ. ಇನ್ನೊಂದು ಸೋನೋಗ್ರಾಫರ್, ಅಂದರೆ ಅಲ್ಟ್ರಾಸೌಂಡ್ ಮಾಡುವವರು. ಇದು ನಮ್ಮ ಕಡೆಯಿಂದ ಬಂದವರ ತಲೆಗೇ ಹೊಳೆಯುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇರುವುದರಿಂದ ಇಂಡಿಯಾದಲ್ಲಿ ಗರ್ಭಿಣಿಯರ ಅಲ್ಟ್ರಾಸೌಂಡ್ ಡಾಕ್ಟರೇ ಮಾಡಬೇಕು, ನಾವು ಆ ಕೋಣೆಯ ಆಸೆಯನ್ನೇ ಬಿಟ್ಟಿರುತ್ತೇವೆ. ಇಲ್ಲಿ 20 ವಾರದ ಸ್ಕ್ಯಾನ್ ಮಾಡುವುದೂ, ರಿಪೋರ್ಟ್ ಬರೆಯುವುದೂ ಸೋನೋಗ್ರಾಫರ್. ಮಗುವಿನ ಹೃದಯದಲ್ಲಿ ಏನೋ ಸರಿ ಇಲ್ಲ ಅಂತ ತಾಯಿಗೆ ಮೊದಲು ಹೇಳಬೇಕಾದವರೂ ಅವರೇ. ಆ ಕೆಲಸಕ್ಕೆ ಸಾಮಾನ್ಯವಾಗಿ ಬ್ಯಾಂಡ್ 7 ಕೊಡುತ್ತಾರೆ, ಜನ ಸಾಲದೆ ಹುಡುಕುತ್ತಲೇ ಇರುತ್ತಾರೆ. ನಾನು ಈಗ ಮಾಡುತ್ತಿರುವುದು ಅದೇ. ಕೋರ್ಸ್ ಮಾಡುವಾಗ ತುಂಬಾ ಕಷ್ಟಪಟ್ಟೆ. ಆದರೂ ಈ ಒಂಬತ್ತು ವರ್ಷದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ನಿರ್ಧಾರ ಅಂದರೆ ಅದೇ.

ಒಂದು ನೋವಿನ ವಿಷಯವನ್ನೂ ಹೇಳಬೇಕು. ನಾನು ಬರುವಾಗ ಆರು ವರ್ಷದ ಅನುಭವ ಇತ್ತು. ಆಫರ್‌ನಲ್ಲಿ ಬ್ಯಾಂಡ್ 5, ಕೆಳಗಿನ ಮೆಟ್ಟಿಲು ಅಂತ ಇತ್ತು. ಕೆಲಸ ಸಿಕ್ಕಿದ್ದೇ ದೊಡ್ಡದು ಅಂತ ಸಹಿ ಹಾಕಿದೆ. ಆಮೇಲೆ ಗೊತ್ತಾಯ್ತು, ಹೊರದೇಶದ ಅನುಭವವನ್ನು ಗಣನೆಗೆ ತೆಗೆದುಕೊಂಡು ಮೇಲಿನ ಮೆಟ್ಟಿಲಿಗೆ ಹಾಕುವ ಅವಕಾಶ ಆಸ್ಪತ್ರೆಗೆ ಇದೆ, ಆದರೆ ಹಾಗೆ ಮಾಡಲೇಬೇಕು ಅಂತೇನಿಲ್ಲ. ನನ್ನ ಜೊತೆಗೇ ಸೇರಿದ ಒಬ್ಬಳು ಸಹಿಗೆ ಮುಂಚೆ ಕೇಳಿದ್ದಳು, ಅನುಭವದ ಪತ್ರ ಕಳಿಸಿದ್ದಳು, ಅವಳಿಗೆ ಸಿಕ್ಕಿತು. ನಾನು ಸೇರಿದ ಮೇಲೆ ಎಚ್‌ಆರ್‌ಗೆ ಹೋಗಿ ಕೇಳಿದಾಗ "ಆಗಲೇ ಕೇಳಬೇಕಿತ್ತು" ಅಂದರು. ಈಗಲೂ ಆ ಮಾತು ನೆನಪಾದರೆ ಬೇಜಾರಾಗುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಯಾವುದು? ನಾನಾಗಿದ್ದರೆ ಯಾರ್ಕ್‌ಶೈರಿಗೆ ಹೋಗುತ್ತಿದ್ದೆ. ಬ್ಯಾಂಡ್ 6 ಒಂದು ಸಲ ಕೈಗೆ ಬಂದರೆ, ಮುಂದೆ ಎನ್‌ಎಚ್‌ಎಸ್‌ನೊಳಗೆ ಅದೇ ಬ್ಯಾಂಡಿನ ಕೆಲಸಕ್ಕೆ ಊರು ಬದಲಿಸಿದರೂ ನಿನ್ನ ಮೆಟ್ಟಿಲು ನಿನ್ನ ಜೊತೆಗೇ ಬರುತ್ತದೆ. ಬೇಕಾದರೆ ಎರಡು ವರ್ಷದ ನಂತರ ಲಂಡನ್‌ಗೆ ಹೋಗು, ಆಗ ಶೇ. 20 ಸಿಗುವುದು ದೊಡ್ಡ ಸಂಬಳದ ಮೇಲೆ. ಹೊಸ ಸ್ಪಾನ್ಸರ್‌ಶಿಪ್, ವೀಸಾ ಬದಲಾವಣೆ ಮಾತ್ರ ಮಾಡಿಸಬೇಕು. ಲಂಡನ್‌ನವರು "ಒಂದು ವರ್ಷದಲ್ಲಿ 6ಕ್ಕೆ ಏರಿಸುತ್ತೇವೆ" ಅಂತ ಬಾಯಲ್ಲಿ ಹೇಳಿದ್ದಾರೆ ಅಂದೆಯಲ್ಲ, ಅದನ್ನು ಬರವಣಿಗೆಯಲ್ಲಿ ಕೊಟ್ಟರೆ ನನ್ನ ಅಭಿಪ್ರಾಯ ಬದಲಾಗಬಹುದು. ದೊಡ್ಡ ಆಸ್ಪತ್ರೆಯಲ್ಲಿ ಕಲಿಯಲು ಸಿಗುವ ಕೇಸುಗಳು ನಿಜಕ್ಕೂ ಜಾಸ್ತಿ. ಬಾಯಿಮಾತು ಬಾಯಿಮಾತೇ ಆಗಿ ಉಳಿದರೆ ಬೇಡ.

ಇವತ್ತೇ ಎರಡೂ ಕಡೆಗೆ ಇಮೇಲ್ ಹಾಕು. ಯಾವ ಮೆಟ್ಟಿಲಿನಿಂದ ಶುರು, ನನ್ನ ಐದು ವರ್ಷವನ್ನು ಲೆಕ್ಕಕ್ಕೆ ತಗೋತೀರಾ ಅಂತ ಕೇಳು. ತಿಂಗಳಿಗೆ ಎಷ್ಟು ನೈಟ್, ಎಷ್ಟು ವೀಕೆಂಡ್ ಅಂತ ಕೇಳು. ರಿಪೋರ್ಟಿಂಗ್‌ಗೋ ಅಲ್ಟ್ರಾಸೌಂಡ್‌ಗೋ ಕಳಿಸಿ ಓದಿಸುತ್ತೀರಾ ಅಂತಲೂ ಕೇಳು. ಬೇಗ ಕೆಲಸ ಬಿಟ್ಟರೆ ವಿಮಾನದ ಟಿಕೆಟ್, ವೀಸಾ ಖರ್ಚು ವಾಪಸ್ ಕೊಡಬೇಕು ಅನ್ನುವ ಷರತ್ತು ಇದ್ದರೆ ಎಷ್ಟು ದುಡ್ಡು, ಎಷ್ಟು ತಿಂಗಳವರೆಗೆ ಅಂತ ಬರೆಸಿಕೋ. ಹೀಗೆ ಕೇಳಿದರೆ ಆಫರ್ ವಾಪಸ್ ತಗೋತಾರೇನೋ ಅನ್ನುವ ಭಯ ಇರುತ್ತದೆ, ನನಗೂ ಇತ್ತು. ಇಲ್ಲಿ ಇದು ಮಾಮೂಲಿ ಪ್ರಶ್ನೆ, ಯಾರೂ ತಪ್ಪು ತಿಳಿಯಲ್ಲ. ಉತ್ತರ ಬಂದ ಮೇಲೆ ಇಲ್ಲೇ ಬರೆ. ಎರಡೂ ಕಡೆಯ ಜಾಬ್ ಡಿಸ್ಕ್ರಿಪ್ಷನ್ ಇಟ್ಟುಕೊಂಡು ಒಟ್ಟಿಗೆ ನೋಡೋಣ.