ರಿವಾಲ್ವರ್‌ಗೆ ಮರದ ಹಿಡಿ ಕೊಳ್ಳುವಾಗ

ಅಮೆರಿಕದಲ್ಲಿ ಹಳೆಯ ಸ್ಮಿತ್ ಅಂಡ್ ವೆಸನ್ ಮಾಡೆಲ್ 10 ಕೊಂಡಿದ್ದೀರಿ. ಅದರ ರಬ್ಬರ್ ಹಿಡಿ ತೆಗೆದು ಮರದ್ದು ಹಾಕಲು ಬೀಟೆ ಒಳ್ಳೆಯದೋ ವಾಲ್‌ನಟ್ಟೋ ಎಂದು ಕೇಳಿದ್ದೀರಿ. ಮರದ ಮಾತು ಸ್ವಲ್ಪ ತಡೆಯಿರಿ. ಮೊದಲು ಆ ರಬ್ಬರ್ ಬಿಚ್ಚಿ, ಒಳಗೆ ಹಿಡಿ ಕೂರುವ ಉಕ್ಕಿನ ಕೆಳತುದಿ, ಅಂದರೆ ಬುಡ, ಚೌಕವೋ ದುಂಡೋ ನೋಡಿ.

ನಾನು ನೋಡದೆ ಕೊಂಡು ಕೆಟ್ಟವನು. ಗನ್ ಶೋ ಒಂದರ ಮೇಜಿನ ಮೇಲೆ ವಾಲ್‌ನಟ್ ಜೋಡಿಯೊಂದು ಕಣ್ಣಿಗೆ ಬಿತ್ತು. ತೇಲಿ ಹೋದಂಥ ಕಪ್ಪು ಎಳೆಗಳು, ಕೆತ್ತಿದ ಚೌಕುಳಿ ಇನ್ನೂ ಚೂಪಾಗಿತ್ತು. 'ಕೆ ಫ್ರೇಮಿಂದೇ' ಎಂದ ಮಾರುವವನು. ಸುಳ್ಳೇನಲ್ಲ. ಫ್ರೇಮ್ ಅಂದರೆ ಗನ್ನಿನ ಉಕ್ಕಿನ ಚೌಕಟ್ಟು, ಸ್ಮಿತ್ ಅಂಡ್ ವೆಸನ್ ಅದರ ಅಳತೆಯನ್ನು ಅಕ್ಷರಗಳಲ್ಲಿ ಹೇಳುತ್ತದೆ, ಮಾಡೆಲ್ 10ರದು ಕೆ. ಆದರೆ ಅದು ಚೌಕ ಬುಡದ್ದು, ನನ್ನ ಗನ್ನಿನದು ದುಂಡು ಬುಡ. ಮನೆಗೆ ತಂದು ಇಟ್ಟರೆ ಹಿಂದುಗಡೆ ಮರ ಉಕ್ಕನ್ನು ದಾಟಿ ಹೊರಗೆ ಚಾಚಿಕೊಂಡಿತ್ತು. ಮೇಲಿದ್ದ ರಬ್ಬರ್ ಚೌಕವಾಗಿತ್ತಲ್ಲ, ಅದನ್ನೇ ನಂಬಿದ್ದೆ. ದುಂಡು ಬುಡವನ್ನು ಚೌಕವಾಗಿ ತೋರಿಸುವ ರಬ್ಬರ್ ಹಿಡಿಗಳೂ ಇವೆ ಅನ್ನುವುದು ಆಮೇಲೆ ತಿಳಿಯಿತು.

ಈ ಮಾದರಿ 1899ರಿಂದ ಬಂದದ್ದು, 'ಮಾಡೆಲ್ 10' ಎಂಬ ಹೆಸರು ಸಿಕ್ಕಿದ್ದು 1957ರಲ್ಲಿ. ಹಳೆಯವುಗಳಲ್ಲಿ 4 ಇಂಚಿನ ನಳಿಗೆಯವು ಹೆಚ್ಚಾಗಿ ಚೌಕ ಬುಡದವು, 2 ಇಂಚಿನವು ಹೆಚ್ಚಾಗಿ ದುಂಡು. ಅಂದಾಜು ಬೇಡ, ಬಿಚ್ಚಿಯೇ ನೋಡಿ. ಎಲ್ ಫ್ರೇಮಿನ ಹಿಡಿ, ಬುಡದ ಆಕಾರ ಒಂದೇ ಆಗಿದ್ದರೆ, ನಿಮ್ಮದಕ್ಕೂ ಕೂರುತ್ತದೆ. ಜೆ ಚಿಕ್ಕದು, ಎನ್ ದೊಡ್ಡದು. ಬೇರೆ ಕಂಪನಿಯಾದ ಕೋಲ್ಟ್‌ನದು ಎಷ್ಟೇ ಚೆಂದ ಕಂಡರೂ ಮುಟ್ಟಬೇಡಿ.

ಇನ್ನು ಕೈ. ಹಳೆಯ ತೆಳು ಹಿಡಿಗಳಲ್ಲಿ ಟ್ರಿಗರ್ ಗಾರ್ಡಿನ ಹಿಂದೆ ಒಂದು ಸಂದು ಖಾಲಿ ಉಳಿಯುತ್ತದೆ. ಐವತ್ತು ಗುಂಡು ಹಾರಿಸಿ, ಮಧ್ಯದ ಬೆರಳಿನ ಗೆಣ್ಣು ತಾನೇ ದೂರು ಹೇಳುತ್ತದೆ. ಅದಕ್ಕೆಂದೇ ಟೈಲರ್ ಟಿ-ಗ್ರಿಪ್ ಎಂಬ ಲೋಹದ ತುಂಡು ಸಿಗುತ್ತದೆ, ನೋಟಕ್ಕೂ ಪರವಾಗಿಲ್ಲ. ದಪ್ಪನೆಯ ಟಾರ್ಗೆಟ್ ಹಿಡಿಯಲ್ಲಿ ಆ ಸಂದು ತುಂಬಿರುತ್ತದೆ, ಆದರೆ ನನ್ನಂಥ ಗಿಡ್ಡ ಬೆರಳಿನವರಿಗೆ ಟ್ರಿಗರ್ರೇ ಎಟುಕುವುದಿಲ್ಲ. ಆರೂ ಗುಂಡು ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್ ಬಳಸುವವರಾದರೆ ಎಡ ಹಲಗೆಯ ಮೇಲ್ಭಾಗ ತಗ್ಗಾಗಿ ಕೆತ್ತಿದೆಯೇ ನೋಡಿ. ಇಲ್ಲದಿದ್ದರೆ ಲೋಡರ್ ಮರಕ್ಕೆ ತಾಗಿ ಓರೆಯಾಗುತ್ತದೆ.

ಬಿಚ್ಚುವಾಗ: ಸಿಲಿಂಡರ್ ತೆರೆದು ಆರೂ ಕೋಣೆ ಖಾಲಿ ಇರುವುದನ್ನು ಕಣ್ಣಾರೆ ನೋಡಿ. ಸ್ಕ್ರೂವಿನ ಸೀಳಿಗೆ ಬಿಗಿಯಾಗಿ ಕೂರುವ ಡ್ರೈವರ್ ಇರಲಿ. ಸ್ಕ್ರೂ ಪೂರ್ತಿ ತೆಗೆಯದೆ ಮೂರ್ನಾಲ್ಕು ಸುತ್ತು ಸಡಿಲಿಸಿ, ಡ್ರೈವರಿನ ಹಿಡಿಯಿಂದ ಅದರ ತಲೆಗೆ ಮೆಲ್ಲಗೆ ತಟ್ಟಿದರೆ ಎದುರು ಬದಿಯ ಹಲಗೆ ತಾನಾಗಿ ಎದ್ದು ಬರುತ್ತದೆ. ಅಂಚಿಗೆ ಚಾಕು ತೂರಿಸಿ ಮೀಟಿದರೆ ಮರ ಸಿಬಿರೇಳುವುದು ಖಂಡಿತ. ಹಳೆಯ ಮೂಲ ಜೋಡಿಯೇನಾದರೂ ಸಿಕ್ಕರೆ ಬಲ ಹಲಗೆಯ ಒಳಮೈ ನೋಡಿ, ಎಷ್ಟೋ ಸಲ ಗನ್ನಿನ ಸೀರಿಯಲ್ ನಂಬರ್ ಅಲ್ಲಿರುತ್ತದೆ. ನಿಮ್ಮದಕ್ಕೆ ತಾಳೆಯಾದರೆ ಅದನ್ನು ಉಜ್ಜಲೂ ಬೇಡಿ, ಮಾರಲೂ ಬೇಡಿ.

ಇಷ್ಟಾದ ಮೇಲೆ ಮರ. ಈ ಗನ್ನಿನ .38 ಸ್ಪೆಷಲ್ ಗುಂಡಿನ ಹೊಡೆತವನ್ನು ಬೀಟೆ, ವಾಲ್‌ನಟ್ ಎರಡೂ ತಡೆಯುತ್ತವೆ. ನನ್ನ ಓಟು ವಾಲ್‌ನಟ್‌ಗೆ. ಹಗುರ, ಕೈಬೆವರು ಕುಡಿದಷ್ಟೂ ಬಣ್ಣ ಏರುತ್ತದೆ, ಗೀರು ಬಿದ್ದರೆ ನೀವೇ ಸರಿಮಾಡಿಕೊಳ್ಳಬಹುದು. ಬೀಟೆ ನೋಡಲು ರಾಜಗಾಂಭೀರ್ಯ, ಆದರೆ ಊರಿಂದ ತರಿಸುವ ಯೋಚನೆ ಇದ್ದರೆ, 2017ರಿಂದ ಬೀಟೆಯ ಕುಲದ ಎಲ್ಲ ಮರಗಳೂ ಸೈಟಿಸ್ ಪಟ್ಟಿಯಲ್ಲಿವೆ (ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಅದು), ನಿಯಮ ತಿಳಿದುಕೊಂಡು ಮುಂದುವರಿಯಿರಿ. ಅದೇ ಕುಲದ ಕೊಕೊಬೋಲೊ ಉಜ್ಜುವುದಾದರೆ ಮಾಸ್ಕ್ ಹಾಕಿ, ಅದರ ಪುಡಿ ಕೆಲವರ ಮೈಗೆ ತುರಿಕೆ ತರುತ್ತದೆ.

ನಮ್ಮೂರು ಕೊಡಗು. ಆಯುಧಗಳಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸುವ ಮುನ್ನ ಅಜ್ಜ ಕೋವಿಯ ಮರಕ್ಕೆ ಅಗಸೆ ಎಣ್ಣೆ ಸವರುತ್ತಿದ್ದರು, ಬೆರಳ ತುದಿಯಷ್ಟೇ. ನಾನೂ ಅದನ್ನೇ ಮಾಡುತ್ತೇನೆ. ಒರೆಸಿದ ಬಟ್ಟೆಯನ್ನು ಮಾತ್ರ ಮುದುಡಿ ಬುಟ್ಟಿಗೆ ಹಾಕಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರಡಿ ಒಣಗಿಸಿ.