ಷರಾ ಕಾಲಂ ತೆಗೆದುಹಾಕಿದ್ದು ನಾನೇ

ಹತ್ತು ವರ್ಷ ಖಾಸಗಿ ಕಂಪನಿಯಲ್ಲಿದ್ದು ಈಗ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಇಲಾಖೆಯೊಂದರ ಆನ್‌ಲೈನ್ ಸೇವೆಗಳ ಹೊಣೆ ಹೊತ್ತಿದ್ದೀರಿ. ಆ್ಯಪ್ ಮಾಡಲೋ ಪೋರ್ಟಲ್ ಮಾಡಲೋ, ಮಾಹಿತಿ ಇಡೋದು ಕ್ಲೌಡಿನಲ್ಲೋ ರಾಜ್ಯ ದತ್ತಾಂಶ ಕೇಂದ್ರದಲ್ಲೋ, ಹಳೇ ಪದ್ಧತಿ ಬಿಡದ ಸಿಬ್ಬಂದಿಯನ್ನು ದಾರಿಗೆ ತರೋದು ಹೇಗೆ ಅಂತ ನಿಮ್ಮ ಪತ್ರದಲ್ಲಿ ಕೇಳಿದ್ದೀರಿ. ಓದಿ ನನ್ನ ಎದೆ ಧಸಕ್ಕೆಂದಿತು. ಕೊನೆಯ ಪ್ರಶ್ನೆಯನ್ನು ನಾನೂ ಇದೇ ಮಾತುಗಳಲ್ಲಿ ಕೇಳಿದ್ದೆ.

ನಾನು ಸೇರಿದ್ದು ಗುತ್ತಿಗೆಯ ಮೇಲೆ. ಇಲಾಖೆಯ ಹೆಸರು ಬೇಡ, ಕೂರುತ್ತಿದ್ದದ್ದು ವಿಧಾನಸೌಧದ ಹತ್ತಿರದ ಸರ್ಕಾರಿ ಕಚೇರಿಗಳ ಕಟ್ಟಡ ಎಂ.ಎಸ್. ಬಿಲ್ಡಿಂಗಿನಲ್ಲಿ. ಹೊಲಿಗೆ, ಕಸೂತಿ ಕೆಲಸ ಮಾಡುವ ಹೆಂಗಸರಿಗೆ ಯಂತ್ರ ಕೊಳ್ಳಲು ಸಹಾಯಧನ ಕೊಡುವ ಒಂದು ಯೋಜನೆ ಇತ್ತು. ಅರ್ಜಿ ತಾಲೂಕು ಕಚೇರಿಗೆ ಬರುತ್ತಿತ್ತು, ಕೇಸ್ ವರ್ಕರ್ ಅದನ್ನು ರಿಜಿಸ್ಟರಿಗೆ ಏರಿಸುತ್ತಿದ್ದರು. ಅದನ್ನು ಪೂರ್ತಿ ಆನ್‌ಲೈನ್ ಮಾಡುವುದು ನನ್ನ ಮೊದಲ ಕೆಲಸ.

ರಿಜಿಸ್ಟರನ್ನು ಮುಂದಿಟ್ಟುಕೊಂಡು ಒಂದೊಂದೇ ಕಾಲಮ್ಮನ್ನು ಕಂಪ್ಯೂಟರಿಗೆ ಇಳಿಸಿದೆ. ಕ್ರಮ ಸಂಖ್ಯೆ, ಹೆಸರು, ಊರು, ಅರ್ಜಿಯ ದಿನಾಂಕ, ಲಗತ್ತುಗಳು, ಆದೇಶ. ಕೊನೆಯದು ಷರಾ, ಅಂದರೆ ಟಿಪ್ಪಣಿ ಬರೆಯುವ ಜಾಗ. ಅಲ್ಲಿ ಒಂದೊಂದು ಸಾಲಿನಲ್ಲೂ ಬೇರೆ ಬೇರೆ ಬರಹ. 'ಅಂಗನವಾಡಿ ಟೀಚರಿಗೆ ತಿಳಿಸುವುದು.' 'ಬುಧವಾರ ಸಂತೆಗೆ ಬರುತ್ತಾರೆ, ಆಗ ಹೇಳುವುದು.' 'ಮಗ ಫೋನ್ ತೆಗೆಯುವುದಿಲ್ಲ, ತಮ್ಮನಿಗೆ ಮಾಡುವುದು.' ಇದನ್ನು ಹುಡುಕಲು ಬರುವುದಿಲ್ಲ, ಎಣಿಸಲು ಬರುವುದಿಲ್ಲ, ವರದಿಗೆ ಏರುವುದಿಲ್ಲ ಎಂದುಕೊಂಡೆ. ತೆಗೆದುಹಾಕಿದೆ. ಅದರ ಬದಲು ಮೊಬೈಲ್ ನಂಬರ್ ಕಡ್ಡಾಯ ಮಾಡಿ ಓಟಿಪಿ ಇಟ್ಟೆ.

ಪರೀಕ್ಷೆಗೆಂದು ತಾಲೂಕುಗಳಿಂದ ಕೆಲವರನ್ನು ಕರೆಸಿದ್ದೆವು. ಒಬ್ಬ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಮೇಡಂ ಪರದೆಯನ್ನು ಮೇಲಿಂದ ಕೆಳಗೆ ನೋಡಿ, "ಸರ್, ಷರಾ ಎಲ್ಲಿ?" ಅಂದರು.

"ಮೊಬೈಲ್ ನಂಬರ್ ಇದೆಯಲ್ಲ ಮೇಡಂ. ಮೆಸೇಜ್ ತಾನಾಗೇ ಹೋಗತ್ತೆ."

"ಯಾರ ನಂಬರ್ ಸರ್?"

ಆ ಮೂರು ಪದದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಹೊಸದು ಕಲಿಯುವ ಮನಸ್ಸಿಲ್ಲ ಎಂದುಕೊಂಡೆ. ಸಭೆಯ ನಡಾವಳಿಯಲ್ಲಿ 'ಸಿಬ್ಬಂದಿಗೆ ಹೆಚ್ಚಿನ ತರಬೇತಿ ಅಗತ್ಯ' ಅಂತ ಬರೆಸಿದೆ.

ಈಗ ಆ ತಪ್ಪು ಹೇಗೆ ಕೆಲಸ ಮಾಡಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ. ಮೊಬೈಲ್ ನಂಬರ್ ಕಡ್ಡಾಯ ಅನ್ನುವುದೊಂದರಿಂದಲೇ ಯಾರಿಗೂ ನಷ್ಟವಾಗುತ್ತಿರಲಿಲ್ಲ. ಅದರ ಮೇಲೆ ನಾನು ಇನ್ನೆರಡು ನಿಯಮ ಕೂರಿಸಿದ್ದೆ. ದಾಖಲೆಯಲ್ಲಿ ಕೊರತೆ ಇದ್ದರೆ, ಪಾಸ್‌ಬುಕ್ಕಿನ ಜೆರಾಕ್ಸ್ ಮಸುಕಾಗಿದ್ದರೂ ಸರಿ, ಆಕ್ಷೇಪಣೆ ಆ ನಂಬರಿಗೆ ಮಾತ್ರ ಹೋಗುತ್ತಿತ್ತು. ಕಾಗದದ ಹಿಂಬರಹ, ಅಂದರೆ ಅರ್ಜಿದಾರರಿಗೆ ಹೋಗುವ ಲಿಖಿತ ಉತ್ತರ, ಕಳಿಸುವುದನ್ನು ನಿಲ್ಲಿಸಿದ್ದೆವು. ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ತಂತ್ರಾಂಶವೇ ಅರ್ಜಿಯನ್ನು ಮುಕ್ತಾಯ ಮಾಡುತ್ತಿತ್ತು, ಯಾರ ಕೈಯೂ ಬೇಕಿರಲಿಲ್ಲ. ಇನ್ನು ಆ ಮೆಸೇಜ್ ಇಂಗ್ಲಿಷಿನಲ್ಲಿತ್ತು. ಕನ್ನಡದ ಎಸ್ಸೆಮ್ಮೆಸ್ ಯೂನಿಕೋಡಿನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಂಕೇತ ಪದ್ಧತಿ) ಹೋಗುವುದರಿಂದ ಒಂದಕ್ಕೆ 70 ಸಂಕೇತಗಳ ಮಿತಿ, ಇಂಗ್ಲಿಷಿಗೆ 160. 'ಸ್ತ್ರೀ' ಅನ್ನುವ ಒಂದಕ್ಷರವೇ ಆರು ಸಂಕೇತ ತಿನ್ನುತ್ತದೆ. ಕನ್ನಡದಲ್ಲಿ ಕಳಿಸಿದರೆ ಒಂದು ಸಂದೇಶ ಮೂರಾಗಿ ಒಡೆದು ಖರ್ಚು ಏರುತ್ತದೆ ಅಂದರು. ಸಹಿ ಹಾಕಿದೆ.

ಪರಿಣಾಮ ಏನಾಯಿತು? ಪ್ರಗತಿ ತೋರಿಸುವ ಡ್ಯಾಶ್‌ಬೋರ್ಡ್ ತುಂಬ ಹಸಿರು. ಸಕಾಲ ನಿಮಗೆ ಗೊತ್ತಿರಬೇಕು. ಸರ್ಕಾರಿ ಸೇವೆಯನ್ನು ನಿಗದಿತ ದಿನದೊಳಗೆ ಕೊಡಬೇಕೆನ್ನುವ 2011ರ ಕಾಯ್ದೆ, 2012ರಲ್ಲಿ ಜಾರಿಗೆ ಬಂತು. ಅದರ ಪಟ್ಟಿಯಲ್ಲಿರುವ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಪರಿಹಾರ, ಅದನ್ನು ಸಂಬಂಧಪಟ್ಟ ಅಧಿಕಾರಿಯಿಂದ ವಸೂಲು ಮಾಡುತ್ತಾರೆ. ಒಳ್ಳೆಯ ಕಾಯ್ದೆ, ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದು ಬಂದ ಮೇಲೆ ಎಲ್ಲ ಕಚೇರಿಗಳಲ್ಲೂ 'ಬಾಕಿ' ಅನ್ನುವ ಪದದ ಭಯ ಕೂತಿದೆ. ನನ್ನ ತಂತ್ರಾಂಶ ಆ ಭಯಕ್ಕೆ ಸುಲಭದ ದಾರಿ ತೋರಿಸಿತು. ಮಂಜೂರಾದ ಅರ್ಜಿಯೂ ವಿಲೇವಾರಿ, ತಾನಾಗಿ ಮುಚ್ಚಿಹೋದ ಅರ್ಜಿಯೂ ವಿಲೇವಾರಿ. ಎರಡೂ ಒಂದೇ ಬಣ್ಣದಲ್ಲಿ ಕಾಣುತ್ತಿದ್ದವು. ಮೇಲಧಿಕಾರಿಗಳು ಬೆನ್ನು ತಟ್ಟಿದರು, ನಾನೂ ಹಿಗ್ಗಿದೆ.

ಒಂದು ಜೂನ್ ತಿಂಗಳ ಮಧ್ಯಾಹ್ನ ಆನೇಕಲ್ ಕಡೆಯಿಂದ ಎರಡು ಬಸ್ಸು ಬದಲಿಸಿಕೊಂಡು ಒಬ್ಬ ಹೆಣ್ಣುಮಗಳು ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಸ್ವೀಕೃತಿ ಪತ್ರ, ಮಡಿಕೆ ಮಡಿಕೆಯಾಗಿತ್ತು. "ಎಂಟು ತಿಂಗಳಾಯ್ತು ಸಾರ್, ಏನೂ ತಿಳೀಲಿಲ್ಲ" ಅಂದರು. ನಂಬರ್ ಹಾಕಿ ನೋಡಿದೆ. 'ಅರ್ಜಿದಾರರು ನಿಗದಿತ ಅವಧಿಯಲ್ಲಿ ಉತ್ತರಿಸಿಲ್ಲ, ಮುಕ್ತಾಯ.'

"ನಿಮಗೆ ಮೆಸೇಜ್ ಹೋಗಿದೆಯಲ್ಲಮ್ಮಾ."

"ನಂಗ್ಯಾವ ಮೆಸೇಜು ಸಾರ್? ಮನೇಲಿರೋದು ಒಂದು ಫೋನು, ಅದು ನಮ್ಮ ಯಜಮಾನ್ರ ಜೇಬಲ್ಲಿರತ್ತೆ. ಆವತ್ತು ಓಟಿಪಿ ಬೇಕು ಅಂದಾಗ ಸೈಬರ್ ಅಂಗಡಿ ಹುಡುಗ ತನ್ನದೇ ನಂಬರ್ ಹಾಕ್ಕೊಟ್ಟ. ಒಳ್ಳೇ ಹುಡುಗ, ಕಾಸೂ ಜಾಸ್ತಿ ಕೇಳಲಿಲ್ಲ."

ಯಾರ ನಂಬರ್ ಸರ್?

ಅವತ್ತು ಸಂಜೆ ಮುಚ್ಚಿಹೋದ ಅರ್ಜಿಗಳನ್ನೆಲ್ಲ ಮೊಬೈಲ್ ನಂಬರಿನ ಪ್ರಕಾರ ಗುಂಪು ಮಾಡಿಸಿದೆ. ಒಂದೊಂದು ನಂಬರಿನ ಕೆಳಗೆ ಹತ್ತಾರು ಹೆಸರು. ತಂಡದ ಹುಡುಗರು ಇದು ದಲ್ಲಾಳಿಗಳ ಕೆಲಸ ಅಂದರು, ಒಂದು ನಂಬರಿಗೆ ಒಂದೇ ಅರ್ಜಿ ಅಂತ ನಿಯಮ ಮಾಡೋಣ ಅಂದರು. ನಾನೂ ಹೂಂ ಅನ್ನುವವನಿದ್ದೆ. ಹಾಗೆ ಮಾಡಿದ್ದರೆ ಸ್ವಂತ ಫೋನಿಲ್ಲದವರು ಅರ್ಜಿ ಹಾಕುವುದಕ್ಕೂ ಆಗುತ್ತಿರಲಿಲ್ಲ. ಬೆಳಿಗ್ಗೆ ಕೆಲವು ನಂಬರುಗಳಿಗೆ ನಾನೇ ಫೋನ್ ಮಾಡಿದೆ. ಎಲ್ಲವೂ ಅಂಗಡಿಗಳು. ದಿನಕ್ಕೆ ಎಷ್ಟೋ ಇಲಾಖೆಗಳ ಎಷ್ಟೋ ಮೆಸೇಜ್ ಬರುವ ಫೋನುಗಳವು. ನಮ್ಮ ಇಂಗ್ಲಿಷ್ ಸಾಲು ಯಾರ ಅರ್ಜಿಯದು ಅಂತ ಅವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ.

ಆಮೇಲೆ ತಾಲೂಕುವಾರು ಪಟ್ಟಿ ತೆಗೆದೆ. ಒಂದು ತಾಲೂಕಿನಲ್ಲಿ ಮಾತ್ರ ಹೀಗೆ ಮುಚ್ಚಿಹೋದ ಅರ್ಜಿ ಬೆರಳೆಣಿಕೆಯಷ್ಟು. ಅದು ಆ ಎಸ್‌ಡಿಎ ಮೇಡಂ ಅವರ ತಾಲೂಕು. ಹೋಗಿ ಕೇಳಿದೆ. ಮೇಜಿನ ಖಾನೆಯಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದರು. ಕ್ರಮ ಸಂಖ್ಯೆ, ಹೆಸರು, ಷರಾ. ತಂತ್ರಾಂಶದಲ್ಲಿ ಜಾಗ ಇಲ್ಲವೆಂದು ಸ್ವಂತ ದುಡ್ಡಿನ ಪುಸ್ತಕದಲ್ಲಿ ಬರೆದುಕೊಂಡು, ಸ್ವಂತ ಫೋನಿನಿಂದ ಒಬ್ಬೊಬ್ಬರಿಗೂ ಹೇಳಿಕಳಿಸಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರೆದುರು ಕೈಮುಗಿದು ಕ್ಷಮೆ ಕೇಳಿದೆ.

ಮುಚ್ಚಿದ್ದನ್ನು ತೆರೆಯುವುದು ಎಷ್ಟು ಹೊತ್ತಿನ ಕೆಲಸ ಅಂತ ನಿಮಗನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಸರ್ಕಾರದಲ್ಲಿ ಮಾರ್ಚ್ 31 ಅಂತ ಒಂದಿದೆ. ಖರ್ಚಾಗದ ಅನುದಾನ ಅವತ್ತಿಗೆ ವ್ಯಪಗತ, ಅಂದರೆ ಕೈತಪ್ಪಿತು. ಆ ವರ್ಷದ ಅರ್ಜಿಗಳನ್ನು ತೆರೆಸಿದೆವು, ಹಿಂದಿನ ವರ್ಷದವಕ್ಕೆ ದುಡ್ಡೇ ಇರಲಿಲ್ಲ. ಆನೇಕಲ್ಲಿನ ಆ ತಾಯಿಯದು ಹಿಂದಿನ ವರ್ಷದ್ದು. ನನ್ನ ಮೇಜಿನ ಮೇಲೆಯೇ ಹೊಸ ಅರ್ಜಿ ತುಂಬಿಕೊಟ್ಟೆ, ಸಾಲಿನ ಕೊನೆಯಲ್ಲಿ ನಿಂತರು. ಅವರನ್ನು ಯಾರ ಮೂಲಕ ಹುಡುಕಬೇಕು ಅಂತ ಬರೆಯಲು ಅವತ್ತಿನ ಪರದೆಯಲ್ಲಿ ಜಾಗ ಇರಲಿಲ್ಲ.

ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಆ್ಯಪ್ ಬೇಡ. ಯಾರು ಒತ್ತಾಯಿಸಿದರೂ ಬೇಡ. ವರ್ಷಕ್ಕೊಮ್ಮೆ ಬೇಕಾಗುವ ಸೇವೆಗೆ ಯಾರೂ ಫೋನಿನಲ್ಲಿ ಜಾಗ ಕೊಡುವುದಿಲ್ಲ. ರಾಜ್ಯ ಸರ್ಕಾರದ ಸೇವೆಗಳ ಪೋರ್ಟಲ್ ಸೇವಾ ಸಿಂಧು ಇದೆ, ಬೆಂಗಳೂರು ಒನ್ 2005ರಿಂದ ಇದೆ, ಹಳ್ಳಿಗಳಲ್ಲಿ ಗ್ರಾಮ ಒನ್ ಇದೆ. ಜನ ಹೋಗಿ ರೂಢಿಯಾದ ಕೌಂಟರುಗಳಿಗೆ ನಿಮ್ಮ ಸೇವೆಯನ್ನು ಕೊಡಿ. ಕ್ಲೌಡೋ ದತ್ತಾಂಶ ಕೇಂದ್ರವೋ ಅನ್ನುವುದು ನಿಮ್ಮ ತಲೆನೋವಾಗಬೇಕಾಗಿಲ್ಲ, ಇ-ಆಡಳಿತ ಕೇಂದ್ರದವರ ಜೊತೆ ಕೂತು ಮುಗಿಸಿ. ಎರಡರಲ್ಲೂ ಭದ್ರತಾ ಲೆಕ್ಕಪರಿಶೋಧನೆ (ಸೆಕ್ಯುರಿಟಿ ಆಡಿಟ್) ಮುಗಿಯದೆ ತಂತ್ರಾಂಶವನ್ನು ಜನರಿಗೆ ತೆರೆಯುವ ಹಾಗಿಲ್ಲ, ಅದಕ್ಕೆ ವಾರಗಳೇ ಬೇಕು. ಉದ್ಘಾಟನೆಯ ದಿನಾಂಕ ಒಪ್ಪುವ ಮೊದಲು ಇದನ್ನು ಹೇಳಿಬಿಡಿ.

ಹಳೇ ದತ್ತಾಂಶ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಸಂಕೇತದಲ್ಲಿದ್ದರೆ ಅದಕ್ಕೆ ಬೇರೆಯೇ ಸಮಯ ಇಡಿ. ಅಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿಗೆ ತಿರುಗಿಸುವಾಗ ಮುಂದಕ್ಕೆ ತರಬೇಕು. ಇಲ್ಲವಾದರೆ ಸೂರ್ಯಕಲಾ, ಪಾರ್ವತಿ ಎಂಬವರು ಹುಡುಕಿದರೆ ಸಿಗುವುದೇ ಇಲ್ಲ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಒತ್ತಿರುವವರೂ ಇದ್ದಾರೆ, ಕಣ್ಣಿಗೆ ಎರಡೂ ಒಂದೇ ಥರ.

ಸಿಬ್ಬಂದಿಯನ್ನು ದಾರಿಗೆ ತರುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಜಮೀನಿನ ದಾಖಲೆಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಗಣಕಕ್ಕೆ ಏರಿದಾಗ, ಮುದ್ರಿಸಿದ ಪ್ರತಿಗಳನ್ನು ಮೂಲದ ಜೊತೆ ತಾಳೆ ನೋಡಿದವರು ಗ್ರಾಮ ಲೆಕ್ಕಿಗರು. ಕೈಬರಹದ ಪಹಣಿಗೆ ಮಾನ್ಯತೆ ತೆಗೆದುಹಾಕುವ ಧೈರ್ಯ ಸರ್ಕಾರಕ್ಕೆ ಬಂದದ್ದು ಅದರ ನಂತರ. ನಿಮ್ಮ ಇಲಾಖೆಯಲ್ಲಿ 'ಹಳೇ ಪದ್ಧತಿ ಬಿಡಲ್ಲ' ಅನ್ನಿಸಿಕೊಂಡವರು ಏನನ್ನು ಬಿಡುತ್ತಿಲ್ಲ, ಯಾಕೆ ಬಿಡುತ್ತಿಲ್ಲ ಅಂತ ಕೇಳಿದ್ದೀರಾ?

ನಾವು ಕೊನೆಗೆ ಷರಾ ವಾಪಸ್ ತಂದೆವು. ಏನು ಬೇಕಾದರೂ ಬರೆಯಬಹುದಾದ ಖಾಲಿ ಜಾಗ. ಅದರ ಮೇಲೆ 'ಈ ನಂಬರ್ ಯಾರದು' ಅನ್ನುವ ಒಂದು ಸಾಲು: ಸ್ವಂತದ್ದೋ, ಮನೆಯವರದೋ, ಅಂಗಡಿಯದೋ. ಅಂಗಡಿಯದಾದರೆ ಕಾಗದದ ಹಿಂಬರಹವೂ ಹೋಗಬೇಕು. ಮೆಸೇಜ್ ಕನ್ನಡದಲ್ಲಿ, ಅರ್ಜಿದಾರರ ಹೆಸರಿನ ಸಮೇತ. ತಾನಾಗಿ ಮುಚ್ಚುವ ನಿಯಮ ರದ್ದು. ಯಾರಿಗೆ, ಯಾವಾಗ ತಿಳಿಸಿದೆವು ಅಂತ ಬರೆದ ಮೇಲಷ್ಟೇ ಕೇಸ್ ವರ್ಕರ್ ಮುಚ್ಚಬಹುದು. ಮುಂದಿನ ತಿಂಗಳ ಪ್ರಗತಿ ಪರಿಶೀಲನೆಯಲ್ಲಿ ನಮ್ಮ ಬಾಕಿ ಏರಿತ್ತು, ಎಲ್ಲರೆದುರು ವಿವರಣೆ ಕೇಳಿದರು. ಮೇಡಂ ಅವರ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಹತ್ತು ಸಾಲು ಓದಿದೆ. ಬಾಕಿಯ ಬಗ್ಗೆ ಮತ್ತೆ ಯಾರೂ ಕೇಳಲಿಲ್ಲ.

ನಿಮ್ಮ ಇಲಾಖೆಯ ಹಳೇ ರಿಜಿಸ್ಟರುಗಳು ರೆಕಾರ್ಡ್ ರೂಮಿಗೆ ಹೋಗುವ ಮೊದಲು ಕಡೇ ಪಕ್ಷ ಮೂರು ತಾಲೂಕಿನವನ್ನು ತರಿಸಿ, ಕೊನೆಯ ಕಾಲಮ್ಮನ್ನು ನೀವೇ ಕೂತು ಓದಿ. ಬೇರೆಯವರ ಕೈಲಿ ಪಟ್ಟಿ ಮಾಡಿಸಬೇಡಿ. ಕೈಬರಹ ತಿಳಿಯದಿದ್ದರೆ ಬರೆದವರನ್ನೇ ಕೇಳಿ, ಸಂಜೆ ಐದೂವರೆವರೆಗೆ ಅಲ್ಲೇ ಇರುತ್ತಾರೆ.